ಉಸಿರು ಕೊಡಲು ಯಾರ ಅಪ್ಪಣೆ ಬೇಕು?

ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಹೆಸರಿನಲ್ಲಿ ಸಮುದ್ರವಿದೆ, ಊರಿನಲ್ಲಿರುವುದು ಕೆರೆ. ಅರಸೀಕೆರೆಯ ಹೆಸರಿನಲ್ಲಿರುವುದೂ ಅರಸಿಯೊಬ್ಬಳ ಕೆರೆಯೇ. ಬೇಲೂರಿನ ಮಗ್ಗುಲಲ್ಲಿ ಯಗಚಿ ಹರಿಯುತ್ತದೆ, ಈಗ ಅದಕ್ಕೂ ಅಣೆಕಟ್ಟು ಬಂದಿದೆ. ಹೊಯ್ಸಳರ ಈ ಸೀಮೆಯವರಿಗೆ ನೀರೆಂದರೆ ಕಟ್ಟೆ ಹಾಕಿ ನಿಲ್ಲಿಸಿಕೊಂಡ ನೀರು. ಉಪ್ಪುನೀರು ನೋಡಬೇಕೆಂದರೆ ಘಾಟಿ ಇಳಿಯಬೇಕು.

ಈಗಿನ ಹುಡುಗ ಹುಡುಗಿಯರು ಇಳಿಯುತ್ತಾರೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಅದರ ಸುತ್ತಿನ ನೀರಿನಲ್ಲಿ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ. 2022ರಲ್ಲಿ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ಕನ್ನಡಿಗರು ಕಣ್ತುಂಬ ನೋಡಿದರು. ಸ್ಕೂಬಾ ಎನ್ನುವ ಪದ ಅದುವರೆಗೆ ಕೇಳದಿದ್ದ ಮನೆಗಳಿಗೂ ತಲುಪಿತು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ರಬ್ಬರಿನ ಕೊಳವೆ ಕಚ್ಚಿಕೊಂಡು ಅರ್ಧ ಗಂಟೆ ಮೀನಿನ ಜೊತೆ ಇರುವುದು ಇಂದು ಅರಸೀಕೆರೆಯ ಕಾಲೇಜು ಹುಡುಗನಿಗೂ ವಾರಾಂತ್ಯದ ಒಂದು ಸಾಧ್ಯತೆ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಮುಳುಗಿ, ಅದೇ ರಾತ್ರಿ ಶಿರಾಡಿ ಘಾಟಿ ಹತ್ತಿ ಮನೆಗೆ ಬಂದುಬಿಡಬಹುದು.

ನನ್ನ ಪ್ರಶ್ನೆ ಇರುವುದು ಆ ವಾಪಸು ದಾರಿಯಲ್ಲಿ. ಆದರೆ ಅದನ್ನು ಕೇಳುವ ಮೊದಲು, ನೀರಿನಡಿ ಉಸಿರಾಡಿದವನ ಮೈಯಲ್ಲಿ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ನೋಡಬೇಕು.

ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದ್ದು. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಮೈ ಅದನ್ನು ಬಳಸಿಕೊಳ್ಳುವುದಿಲ್ಲ, ಆದರೆ ಒತ್ತಡ ಹೆಚ್ಚಿದಂತೆ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗುತ್ತ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಹಾಗೇ ಶ್ವಾಸಕೋಶದ ಮೂಲಕ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಸೋಡಾ ಬಾಟಲಿಯ ಬಾಯಿ ತೆಗೆದಂತೆ ಗುಳ್ಳೆ ಏಳುತ್ತದೆ. ಕೀಲಿನಲ್ಲಿ ಗುಳ್ಳೆ ನಿಂತರೆ ನೋವು, ಬೆನ್ನುಹುರಿಯಲ್ಲಿ ನಿಂತರೆ ಕಾಲಿನ ಸ್ವಾಧೀನ ಹೋಗಬಹುದು. ಇನ್ನೊಂದು ಅಪಾಯವೂ ಇದೆ: ಮೇಲೆ ಬರುವಾಗ ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದು, ಗಾಳಿ ನೇರ ರಕ್ತಕ್ಕೆ ನುಗ್ಗಬಹುದು. ಇದಕ್ಕೆ ಹೆಚ್ಚು ಆಳವೂ ಬೇಕಿಲ್ಲ.

ರನ್ನನ ‘ಗದಾಯುದ್ಧ’ ಓದಿದವರಿಗೆ ಇಲ್ಲಿ ದುರ್ಯೋಧನ ನೆನಪಾಗದೆ ಇರುವುದಿಲ್ಲ. ಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದವನು, ಭೀಮನ ಬೈಗುಳ ತಾಳಲಾರದೆ ರೊಯ್ಯನೆ ಮೇಲೆದ್ದು ಬಂದ. ಡೈವಿಂಗ್ ಕಲಿಸುವ ಯಾರಾದರೂ ಆ ದಡದಲ್ಲಿದ್ದಿದ್ದರೆ, ಅವನ ಬಾಕಿ ಪಾಪಗಳನ್ನು ಬಿಟ್ಟು, ಅಷ್ಟು ಅವಸರದಲ್ಲಿ ಮೇಲೆ ಬಂದದ್ದಕ್ಕೆ ಮೊದಲು ಬೈಯುತ್ತಿದ್ದರು. ಸಿಲಿಂಡರಿನ ಗಾಳಿ ಕುಡಿದಿರಲಿಲ್ಲವಾದ್ದರಿಂದ ಕೀಲುಗಳು ಉಳಿದವು, ಮುರಿದದ್ದು ತೊಡೆ ಮಾತ್ರ.

ಈ ಕಾಯಿಲೆಯನ್ನು ಜಗತ್ತು ಮೊದಲು ಕಂಡದ್ದು ಮೀನು ನೋಡಲು ಹೋದವರಲ್ಲಿ ಅಲ್ಲ, ಕೂಲಿಗೆ ಹೋದವರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ತಳದಲ್ಲಿ ಸೇತುವೆಯ ಕಂಬಕ್ಕೆ ಪಾಯ ತೋಡಲು ದೊಡ್ಡ ಪೆಟ್ಟಿಗೆಗಳನ್ನು ಬೋರಲಾಗಿ ಇಳಿಸಿ, ನೀರು ಒಳನುಗ್ಗದಂತೆ ಗಾಳಿ ತುಂಬುತ್ತಿದ್ದರು. ಕೂಲಿಯವರು ಆ ಒತ್ತಡದ ಗಾಳಿಯಲ್ಲಿ ಗಂಟೆಗಟ್ಟಲೆ ಕೆಸರು ತೋಡುತ್ತಿದ್ದರು. ಮೇಲೆ ಬಂದ ಮೇಲೆ ಸೊಂಟ ಮಡಚಿಕೊಂಡು ನರಳುತ್ತಿದ್ದರು. ಅಮೆರಿಕದ ಸೇಂಟ್ ಲೂಯಿ ಸೇತುವೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಮಲಗಿದ. ಆಮೇಲೆ ಅವನ ಹೆಂಡತಿ ಎಮಿಲಿ ಸೇತುವೆಗೂ ಹಾಸಿಗೆಗೂ ನಡುವೆ ಓಡಾಡಿ ಕೆಲಸ ಮುಂದುವರಿಸಿದಳು. ಆಕೆಯೂ ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವಳಲ್ಲ, ಕೆಲಸ ಎದುರಿಗಿತ್ತು, ಕಲಿತುಕೊಂಡಳು.

ಕಾರಣವನ್ನು ಬಿಡಿಸಿದ್ದು ಫ್ರಾನ್ಸಿನ ಪಾಲ್ ಬೆರ್. 1878ರ ತನ್ನ ದೊಡ್ಡ ಗ್ರಂಥದಲ್ಲಿ ಆತ ಇದು ಸಾರಜನಕದ ಗುಳ್ಳೆಗಳ ಕೆಲಸ ಎಂದು ತೋರಿಸಿದ. ಅಷ್ಟೇ ಅಲ್ಲ, ಮೇಲೆ ಬಂದು ನರಳುವ ಪ್ರಾಣಿಗೆ ಶುದ್ಧ ಆಮ್ಲಜನಕ ಕೊಟ್ಟರೆ ಗುಣ ಕಾಣುತ್ತದೆ ಎಂದೂ ಬರೆದ. ತರ್ಕ ಸರಳ. ಉಸಿರಿನಲ್ಲಿ ಸಾರಜನಕವೇ ಇಲ್ಲದಿದ್ದರೆ, ರಕ್ತದಲ್ಲಿರುವ ಸಾರಜನಕ ಶ್ವಾಸಕೋಶದ ಕಡೆಗೆ ಓಡಿ ಹೊರಬೀಳುತ್ತದೆ, ಗುಳ್ಳೆ ಕರಗುತ್ತದೆ. ರಕ್ತ ಸರಿಯಾಗಿ ತಲುಪದೆ ಸೊರಗಿದ ಭಾಗಕ್ಕೆ ಆಮ್ಲಜನಕವೂ ಸಿಗುತ್ತದೆ.

ಈ ಅನಿಲದ ಹೆಸರಿಗೂ ಒಂದು ಕತೆಯಿದೆ. 1774ರ ಆಗಸ್ಟಿನಲ್ಲಿ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮ ಕಾಯಿಸಿ ಅದನ್ನು ಹಿಡಿದ. ಅವನಿಗಿಂತ ಮೊದಲೇ ಸ್ವೀಡನ್ನಿನ ಷೀಲೆ ಹಿಡಿದಿದ್ದ, ಪ್ರಕಟಿಸಿದ್ದು ತಡವಾಗಿ. ಪ್ಯಾರಿಸ್ಸಿನ ಲಾವಾಸಿಯೆ, ಎಲ್ಲ ಆಮ್ಲಗಳಲ್ಲೂ ಇದೇ ಇದೆ ಎಂದು ನಂಬಿ, ಗ್ರೀಕಿನಿಂದ ‘ಆಮ್ಲ ಹುಟ್ಟಿಸುವುದು’ ಎಂಬ ಹೆಸರಿಟ್ಟ. ನಂಬಿಕೆ ತಪ್ಪೆಂದು 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿದ. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಅನುವಾದವಾಗಿ ಆಮ್ಲಜನಕವಾಯಿತು. ಜನ ತಮಗೆ ಬೇಕಾದ ಹೆಸರನ್ನು ತಾವೇ ಹುಡುಕಿಕೊಂಡರು: ಪ್ರಾಣವಾಯು. ನಮ್ಮ ಹಳೆಯ ಶಾಸ್ತ್ರಗಳ ಪಂಚಪ್ರಾಣಗಳಲ್ಲಿ ಒಂದಕ್ಕೆ ಇದ್ದ ಹೆಸರು ಅದು. ವಿಜ್ಞಾನದ ಮೇಷ್ಟ್ರುಗಳಿಗೆ ಹಿಡಿಸದಿದ್ದರೂ, ನನ್ನ ಮಟ್ಟಿಗೆ ಎರಡರಲ್ಲಿ ಕಡಿಮೆ ತಪ್ಪಿನ ಹೆಸರು ಅದೇ.

ಬೆರ್ ಹೇಳಿದ್ದನ್ನು ವೈದ್ಯಲೋಕ ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. ಅದಕ್ಕೂ ಬೆರ್‌ನೇ ಕಾರಣ. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವೇ ವಿಷವಾಗಿ ಪ್ರಾಣಿಗಳಿಗೆ ಸೆಳವು ಬರುತ್ತದೆ ಎಂದು ಅದೇ ಗ್ರಂಥದಲ್ಲಿ ಅವನು ತೋರಿಸಿದ್ದ. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಯಾವ ಆಡು ಕಾಲೆತ್ತಿ ಕುಂಟುತ್ತದೆ ಎಂದು ನೋಡುತ್ತ, ಮುಳುಗಿದವರು ಹಂತಹಂತವಾಗಿ ಮೇಲೆ ಬರುವ ಲೆಕ್ಕ ಹಾಕಿಕೊಟ್ಟರು. ಅದು ಕಾಯಿಲೆ ಬರದಂತೆ ನೋಡಿಕೊಳ್ಳುವ ದಾರಿ. ಬಂದ ಮೇಲೆ ಆಮ್ಲಜನಕದಿಂದ ಚಿಕಿತ್ಸೆ ಮಾಡುವುದನ್ನು ಅಮೆರಿಕದ ನೌಕಾಪಡೆಯ ಬೆಂಕಿ ಮತ್ತು ಶಾ 1937ರಲ್ಲಿ ಮತ್ತೆ ಎತ್ತಿದರು. ಅದೇ ನೌಕಾಪಡೆ ಆಮ್ಲಜನಕದ ಚಿಕಿತ್ಸಾ ಪಟ್ಟಿಗಳನ್ನು ಅಧಿಕೃತವಾಗಿ ಒಪ್ಪಿದ್ದು 1967ರಲ್ಲಿ. ಬೆರ್‌ನ ಗ್ರಂಥದಿಂದ ಲೆಕ್ಕ ಹಾಕಿದರೆ 89 ವರ್ಷ.

ಅಷ್ಟರಲ್ಲಿ ಮುಳುಗುವವರೇ ಬದಲಾಗಿದ್ದರು. 1943ರಲ್ಲಿ ಕುಸ್ತೋ ಮತ್ತು ಗಾನ್ಯಾ ಎಂಬ ಇಬ್ಬರು ಫ್ರೆಂಚರು ಬೆನ್ನಿಗೆ ಕಟ್ಟಿಕೊಂಡು ಹೋಗಬಹುದಾದ ಉಸಿರಾಟದ ಸಾಧನ ಕಂಡುಹಿಡಿದ ಮೇಲೆ, ನೌಕಾಪಡೆಯವರ ಕಸುಬು ಗುಮಾಸ್ತರ, ಮೇಷ್ಟ್ರುಗಳ, ವಿದ್ಯಾರ್ಥಿಗಳ ರಜೆಯ ಆಟವಾಯಿತು. ನೌಕಾಪಡೆಯ ಹಡಗಿನಲ್ಲಿ ವೈದ್ಯರಿರುತ್ತಾರೆ. ರಜೆಯ ದೋಣಿಯಲ್ಲಿ ಯಾರಿರುತ್ತಾರೆ? ಗೆಳೆಯರು ಮತ್ತು ದೋಣಿ ಓಡಿಸುವವನು. ಈ ಪ್ರಶ್ನೆ ಇಟ್ಟುಕೊಂಡೇ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ಗೆ ಮೂಲವಾದ ಸಂಸ್ಥೆ ಹುಟ್ಟಿತು. 1991ರಿಂದ ಅದು ವೈದ್ಯರಲ್ಲದ ಡೈವರ್‌ಗಳಿಗೂ ಆಮ್ಲಜನಕ ಕೊಡುವುದನ್ನು ಕಲಿಸತೊಡಗಿತು. ಅದೇ ಸಂಸ್ಥೆ ಕೂಡಿಟ್ಟ 2,231 ಪ್ರಕರಣಗಳನ್ನು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪರಿಶೀಲಿಸಿತು. ಸ್ಥಳದಲ್ಲೇ ಆಮ್ಲಜನಕ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನರಿಗೆ, ಶೇ. 47. ಹಾಗೆ ಸಿಕ್ಕವರಲ್ಲಿ ಶೇ. 14 ಜನ ಅಷ್ಟರಿಂದಲೇ ಪೂರ್ತಿ ಚೇತರಿಸಿಕೊಂಡರು, ಶೇ. 51 ಜನರಿಗೆ ಗುಣ ಕಂಡಿತು. ನೀರಿನಿಂದ ಬಂದ ನಾಲ್ಕು ಗಂಟೆಯೊಳಗೆ ಸಿಕ್ಕವರಿಗೆ ಆಮೇಲಿನ ಒತ್ತಡದ ಕೋಣೆಯ ಚಿಕಿತ್ಸೆಯೂ ಕಡಿಮೆ ಸಲ ಸಾಕಾಯಿತು.

ಇನ್ನೊಂದು ಅಂಕಿ ಅದರಲ್ಲೇ ಇದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಕಾಯಿಲೆಯ ಲಕ್ಷಣ ಕಂಡ ಮೇಲೆ ಆಮ್ಲಜನಕ ಶುರುವಾಗಲು ಹಿಡಿದ ಮಧ್ಯಮ ಅವಧಿ 2.2 ಗಂಟೆ. ಗುಳ್ಳೆ ಬೆನ್ನುಹುರಿಯಲ್ಲಿದ್ದರೆ ಎರಡು ಗಂಟೆ ಬಹಳ ದೀರ್ಘ ಸಮಯ. ಆ ಎರಡು ಗಂಟೆಯಲ್ಲಿ ಜನ ಏನು ಮಾಡುತ್ತಿದ್ದರು ಎಂದು ಅಂಕಿ ಹೇಳುವುದಿಲ್ಲ. ಊಹಿಸಬಹುದು. ‘ಏನೂ ಆಗಿಲ್ಲ, ಭುಜ ಉಳುಕಿರಬೇಕು.’ ‘ನಾವು ಮುಟ್ಟುವುದು ಬೇಡ, ಡಾಕ್ಟರು ನೋಡಲಿ.’ ‘ಹೆಚ್ಚುಕಮ್ಮಿಯಾದರೆ ನಮ್ಮ ತಲೆಗೆ ಬರುತ್ತದೆ.’

ಈ ಕೊನೆಯ ಮಾತಿಗೆ ಡೈವಿಂಗಿಗಿಂತ ಹಳೆಯ ಚರಿತ್ರೆಯಿದೆ. ಅದು ನೀರಿನಿಂದ ಎತ್ತಿದವನಿಗೆ ಉಸಿರು ಕೊಡುವುದರ ಚರಿತ್ರೆ.

1767ರಲ್ಲಿ, ಎಲ್ಲೆಲ್ಲೂ ಕಾಲುವೆಗಳಿದ್ದ ಆಮ್‌ಸ್ಟರ್‌ಡ್ಯಾಮಿನಲ್ಲಿ, ಮುಳುಗಿದವರನ್ನು ಬದುಕಿಸುವುದಕ್ಕೆಂದೇ ಒಂದು ಸಂಘ ಕಟ್ಟಿದರು. 1774ರಲ್ಲಿ ಲಂಡನ್ನಿನಲ್ಲೂ ಅಂಥದೊಂದು ಹುಟ್ಟಿತು. ಅವು ಮಾಡಿದ ದೊಡ್ಡ ಕೆಲಸ ವೈದ್ಯಕೀಯದ್ದಲ್ಲ, ಸಾಮಾಜಿಕದ್ದು. ಸತ್ತಂತಿರುವವನನ್ನು ಮುಟ್ಟಲು ಜನ ಹೆದರುತ್ತಿದ್ದ ಕಾಲದಲ್ಲಿ, ಎತ್ತಿ ತಂದು ಉಪಚರಿಸಿದವರಿಗೆ ಬಹುಮಾನ ಇಟ್ಟವು. ಅಂಬಿಗ, ಹೋಟೆಲಿನವನು, ದಾರಿಹೋಕ, ಯಾರಾದರೂ ಸರಿ. ಅವರು ಹೇಳಿಕೊಟ್ಟ ಉಪಚಾರಗಳಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಊದುವುದು ಒಂದು, ಮೈ ಬೆಚ್ಚಗೆ ಮಾಡುವುದು ಒಂದು. ಮತ್ತೊಂದು, ನಗಬೇಡಿ, ಗುದದ್ವಾರದ ಮೂಲಕ ತಂಬಾಕಿನ ಹೊಗೆ ಊದುವುದು. ಅದಕ್ಕಾಗಿ ತಿದಿ, ಕೊಳವೆಗಳಿದ್ದ ಪೆಟ್ಟಿಗೆಗಳು ಥೇಮ್ಸ್ ದಂಡೆಯಲ್ಲಿ ಸಿದ್ಧವಾಗಿರುತ್ತಿದ್ದವು. ಕಲಿತ ವೈದ್ಯರೇ ಒಪ್ಪಿದ್ದ ಚಿಕಿತ್ಸೆ ಅದು. 1811ರ ಸುಮಾರಿಗೆ ಬೆಂಜಮಿನ್ ಬ್ರಾಡಿ, ತಂಬಾಕಿನ ಸತ್ವ ಹೃದಯಕ್ಕೆ ವಿಷ ಎಂದು ತೋರಿಸಿದ ಮೇಲೆ ಹೊಗೆ ನಿಂತಿತು. ಬೇಸರದ ಸಂಗತಿಯೆಂದರೆ ಬಾಯಿಂದ ಊದುವುದೂ ಹತ್ತೊಂಬತ್ತನೆಯ ಶತಮಾನದಲ್ಲಿ ಮೂಲೆಗೆ ಬಿತ್ತು. ಬೆನ್ನು ಒತ್ತುವುದು, ತೋಳು ಎತ್ತಿ ಇಳಿಸುವುದು ಹೀಗೆ ಕಸರತ್ತಿನಂಥ ವಿಧಾನಗಳು ಬಂದವು.

ಅದನ್ನು ತಿರುಗಿ ತಂದವನು ಪೀಟರ್ ಸಾಫರ್. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನಲ್ಲಿ ಅವನು ಮಾಡಿದ ಪ್ರಯೋಗ ಇಂದಿನ ನೀತಿಸಮಿತಿಗಳ ಮುಂದೆ ನಿಲ್ಲುವಂಥದ್ದಲ್ಲ. ಸ್ವಯಂಸೇವಕರಿಗೆ ಸ್ನಾಯುಗಳು ಸ್ತಬ್ಧವಾಗುವ ಔಷಧಿ ಕೊಟ್ಟು, ಅವರ ಉಸಿರು ನಿಂತಾಗ ಬೇರೆಯವರಿಂದ ಊದಿಸಿದ. ಹಳೆಯ ಕಸರತ್ತುಗಳಿಗಿಂತ ಇದು ಎಷ್ಟೋ ಮೇಲು ಎಂದು ಅಳೆದು ತೋರಿಸಿದ. ಮುಖ್ಯವಾದದ್ದು ಊದಿದವರು ಯಾರು ಎನ್ನುವುದು. ವೈದ್ಯರಲ್ಲದ ಸಾಮಾನ್ಯ ಜನ. ಒಮ್ಮೆ ತೋರಿಸಿಕೊಟ್ಟದ್ದನ್ನು ನೋಡಿ ಮಾಡಿದವರು. 1960ರಲ್ಲಿ ಎದೆ ಒತ್ತುವ ವಿಧಾನವನ್ನು ಪ್ರಕಟಿಸಿದ ಕೌವೆನ್‌ಹೋವನ್ ಮತ್ತು ಜೊತೆಗಾರರು, ಇದಕ್ಕೆ ಎರಡು ಕೈಗಳಿದ್ದರೆ ಸಾಕು ಎಂಬರ್ಥದ ಮಾತು ಬರೆದರು. ಕೌವೆನ್‌ಹೋವನ್ ಕೂಡ ವೈದ್ಯನಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್.

ಈಗ ಥೇಮ್ಸ್ ದಂಡೆಯ ಹೊಗೆಗೆ ನಕ್ಕವರು ಸ್ವಲ್ಪ ನಮ್ಮ ಕಡೆ ತಿರುಗಬೇಕು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲೂಕಿನ ಒಂದು ಹಳ್ಳಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ನೀರಿನಲ್ಲಿ ಮುಳುಗಿದ. ಉಪ್ಪಿನಲ್ಲಿ ಹೂತಿಟ್ಟರೆ ಮುಳುಗಿದವರು ಬದುಕುತ್ತಾರೆ ಎಂಬ ಮೊಬೈಲಿನ ಸಂದೇಶ ನಂಬಿ, ಮನೆಯವರು ಮೂಟೆಗಟ್ಟಲೆ ಉಪ್ಪು ತಂದು ಮಗುವಿನ ಮೈ ಮುಚ್ಚಿ ಗಂಟೆಗಟ್ಟಲೆ ಕಾದರು. ಆಮೇಲೆ ಹಾವೇರಿ ಜಿಲ್ಲೆಯಿಂದಲೂ ಅಂಥದೇ ಸುದ್ದಿ ಬಂತು. ಪತ್ರಿಕೆಗಳು ಮೂಢನಂಬಿಕೆ ಎಂದು ಬರೆದವು. ನನಗೆ ಆ ಪದ ಸಾಕಾಗಲಿಲ್ಲ. ಆ ತಂದೆತಾಯಿ ಕೈಕಟ್ಟಿ ಕೂತಿರಲಿಲ್ಲ. ತಮ್ಮ ಕಿವಿಗೆ ಬಿದ್ದ ಒಂದೇ ಒಂದು ಉಪಾಯವನ್ನು ಮಾಡಿದರು. ತರಬೇತಿ ಇಲ್ಲದವರು ಏನೂ ಮಾಡದೆ ಸುಮ್ಮನಿರುತ್ತಾರೆ ಎಂದು ನಿಯಮ ಬರೆಯುವವರು ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಅವರು ಏನಾದರೂ ಮಾಡಿಯೇ ಮಾಡುತ್ತಾರೆ. ಉಸಿರು ಊದಬೇಕು, ಎದೆ ಒತ್ತಬೇಕು ಎನ್ನುವ ಮಾತು ಆ ಅಂಗಳ ತಲುಪುವ ಮೊದಲು ಉಪ್ಪು ತಲುಪಿತ್ತು, ಅಷ್ಟೇ ವ್ಯತ್ಯಾಸ.

ಹಾಗೆಂದು ಎಲ್ಲರೂ ಎಲ್ಲಕ್ಕೂ ಧುಮುಕಲಿ ಎನ್ನಲಾಗದು. ಅರಸೀಕೆರೆ ಕಡೆಯ ಬಯಲುಸೀಮೆಗೆ ಇದು ಚೆನ್ನಾಗಿ ಗೊತ್ತು. ಬಳಸದೆ ಬಿಟ್ಟ ಹಳೆಯ ಬಾವಿಗೆ ಹೂಳೆತ್ತಲು ಇಳಿಯುವ ಮೊದಲು ಹಗ್ಗ ಕಟ್ಟಿ ಲಾಂದ್ರವನ್ನೋ ದೀಪವನ್ನೋ ಇಳಿಬಿಡುವುದು ಹಳೆಯ ರೂಢಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಮನುಷ್ಯ ಇಳಿಯಬಾರದು. ಹಾಲ್ಡೇನ್ ಗಣಿಗೆ ಕೆನರಿ ಹಕ್ಕಿ ಒಯ್ಯಲು ಹೇಳಿದ್ದೂ ಇಂಥದೇ ಎಚ್ಚರಿಕೆಗೆ. ದೀಪಕ್ಕೆ ಎಲ್ಲ ವಿಷಗಾಳಿಯೂ ತಿಳಿಯುವುದಿಲ್ಲ ಎನ್ನುವುದು ಬೇರೆ ಮಾತು. ಬಾವಿಯ ಸಾವುಗಳು ಒಂದೇ ರೀತಿ ನಡೆಯುತ್ತವೆ: ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಪಕ್ಕದ ಮನೆಯವನು. ಅಲ್ಲಿ ಅಡ್ಡಬರುವುದು ಧೈರ್ಯದ ಕೊರತೆಯಲ್ಲ, ಕೆಳಗಿನ ಗಾಳಿ ಎಂಥದು ಎಂಬ ತಿಳಿವಳಿಕೆಯ ಕೊರತೆ. ಕೆಲವು ಸಹಾಯ ಮಾಡುವವನನ್ನೇ ಕೊಲ್ಲುತ್ತವೆ, ಕೆಲವು ಅವನಿಗೆ ಏನೂ ಮಾಡುವುದಿಲ್ಲ. ದೋಣಿಯ ಮೇಲೆ ಉಸಿರಾಡುತ್ತ ಮಲಗಿರುವವನ ಮೂಗು ಬಾಯಿಗೆ ಮಾಸ್ಕ್ ಹಿಡಿಯುವುದು ಎರಡನೆಯ ಜಾತಿಯದು.

ಅದರಲ್ಲಿ ತಿಳಿದಿರಬೇಕಾದ್ದು ಬಹಳವಿಲ್ಲ, ಇರುವುದನ್ನು ಮರೆಯುವಂತಿಲ್ಲ. ಮೊದಲನೆಯದು, ಅವನು ಉಸಿರಾಡುತ್ತಿದ್ದಾನೆಯೇ? ಇಲ್ಲವೆಂದರೆ ಮಾಸ್ಕಿನಿಂದ ಉಪಯೋಗವಿಲ್ಲ. ಗಾಳಿಯನ್ನು ಒಳಗೆ ಎಳೆದುಕೊಳ್ಳುವವನೇ ಇಲ್ಲವಲ್ಲ. ಸಿಲಿಂಡರು ಹುಡುಕುತ್ತ ಕೂರದೆ ಬಾಯಿಂದ ಊದಬೇಕು, ಎದೆ ಒತ್ತಬೇಕು. ಉಸಿರಾಡುತ್ತಿದ್ದರೆ ಅಂಗಾತ ಮಲಗಿಸಿ, ಮಾಸ್ಕ್ ಬಿಗಿಯಾಗಿ ಕೂರಿಸಿ, ನಿಮಿಷಕ್ಕೆ 15 ಲೀಟರಿನವರೆಗೆ ತಿರುಪು ತೆರೆಯಬೇಕು. ಹತ್ತಿರ ಬೀಡಿ ಸಿಗರೇಟು ಇರಬಾರದು. ಸಿಲಿಂಡರಿನ ಮೂತಿಗೆ ಎಣ್ಣೆ, ಗ್ರೀಸು ಸೋಕಬಾರದು, ಶುದ್ಧ ಆಮ್ಲಜನಕದಲ್ಲಿ ಎಣ್ಣೆ ಸಿಡಿದು ಉರಿಯುತ್ತದೆ. ಜೋಮು ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಬಾರದು. ‘ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆ’ ಎಂದು ಯಾರಾದರೂ ಅಂದರೆ ಕೇಳಬಾರದು. ಒಂದು ದಿನದ ತರಬೇತಿಯಲ್ಲಿ ಇದನ್ನೆಲ್ಲ ಕೈಯಿಂದ ಮಾಡಿಸುತ್ತಾರೆ, ಮಾಡಿಸಿಕೊಂಡವನ ಕೈ ನಡುಗುವುದಿಲ್ಲ. ತರಬೇತಿಯ ಬೆಲೆ ಅದು. ಅದನ್ನು ಪರವಾನಗಿ ಎಂದು ಅರ್ಥಮಾಡಿಕೊಂಡರೆ, ಕಲಿತವನು ಇನ್ನೊಂದು ತಂಡದ ಜೊತೆ ನೀರಿನಡಿ ಇರುವ ಅರ್ಧ ಗಂಟೆ ಸಿಲಿಂಡರು ದೋಣಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಕಾನೂನಿನ ಹೆದರಿಕೆ? ನಮ್ಮಲ್ಲಿ ವೈದ್ಯಕೀಯ ಆಮ್ಲಜನಕ ಕಾಯಿದೆಯ ಕಣ್ಣಿಗೆ ಔಷಧಿ, ನಿಜ. ಆದರೆ ಅಪಾಯದಲ್ಲಿರುವವನಿಗೆ ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು 1860ರ ದಂಡ ಸಂಹಿತೆಯ 92ನೇ ಕಲಮಿನಲ್ಲೇ ಇತ್ತು, ಹೊಸ ಸಂಹಿತೆಗೂ ಅದು ಬಂದಿದೆ. ಆ ಕಲಮಿಗೆ ಕೊಟ್ಟ ಒಂದು ಉದಾಹರಣೆ ಕತೆಯಂತಿದೆ: ಹುಲಿಯೊಂದು ಮನುಷ್ಯನನ್ನು ಹೊತ್ತೊಯ್ಯುತ್ತಿದೆ, ನೋಡಿದವನು ಗುಂಡು ಹಾರಿಸುತ್ತಾನೆ, ಗುಂಡು ಆ ಮನುಷ್ಯನಿಗೇ ತಗಲಬಹುದೆಂದು ಗೊತ್ತಿದ್ದೂ. ಅವನದು ತಪ್ಪಲ್ಲ. ಹುಲಿಗೆ ಗುಂಡು ಹಾರಿಸಲು ತರಬೇತಿ ಪತ್ರ ಇದೆಯೇ ಎಂದು ಆ ಕಲಂ ಕೇಳುವುದಿಲ್ಲ.

ಅಷ್ಟು ಹಳೆಯ ಕಾನೂನಿದ್ದೂ 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಏನಾಯಿತೆಂದು ಕರ್ನಾಟಕ ಮರೆತಿಲ್ಲ. ಲಾರಿ ಹರಿದು ಮೈ ಎರಡಾದ ಹರೀಶ್ ಎಂಬ ಯುವಕ ರಸ್ತೆಯ ಮೇಲೆ ಮಲಗಿ ನೀರು ಕೇಳುತ್ತ, ತನ್ನ ಕಣ್ಣುಗಳನ್ನು ದಾನ ಮಾಡಿ ಎನ್ನುತ್ತಿದ್ದಾಗ, ಮೊಬೈಲ್ ಹಿಡಿದು ನಿಂತವರಿದ್ದರು. ಅಪಘಾತಕ್ಕೊಳಗಾದವರ ಚಿಕಿತ್ಸೆಗೆಂದು ಸರ್ಕಾರ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದಿತು. ಅದೇ ವರ್ಷದ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ನೆರವಿಗೆ ಬಂದವರನ್ನು ಪೊಲೀಸರೂ ಆಸ್ಪತ್ರೆಗಳೂ ಕಾಡಬಾರದೆಂಬ ಮಾರ್ಗಸೂಚಿಗೆ ಬಲ ಕೊಟ್ಟಿತು. ಕರ್ನಾಟಕ ಇನ್ನೂ ಮುಂದೆ ಹೋಗಿ ತನ್ನದೇ ಕಾಯಿದೆ ಮಾಡಿತು. ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯ ನಮ್ಮದು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನೆರವಿಗೆ ಬಂದವರಿಗೆ ಒಂದು ಆಸರೆ ಕಾಗದದ ಮೇಲೆ ಇದೆ. ಜನರ ಮನಸ್ಸಿಗೆ ಅದು ಇನ್ನೂ ಇಳಿದಿಲ್ಲ.

ಮನಸ್ಸಿನ ಅಂಜಿಕೆ ಒಮ್ಮೆ ಪೂರ್ತಿ ಹೋಗಿತ್ತು, 2021ರಲ್ಲಿ. ಆ ಮೇ ತಿಂಗಳ 2ರ ರಾತ್ರಿಯ ಆಸುಪಾಸಿನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಆಮೇಲೆ ಯಾರೂ ಯಾರ ಅಪ್ಪಣೆಗೂ ಕಾಯಲಿಲ್ಲ. ಹೆಂಡತಿ ಗಂಡನಿಗೆ, ಮಗ ತಾಯಿಗೆ, ಆಟೋದಲ್ಲಿ, ಕಾರಿನಲ್ಲಿ, ನಡುಮನೆಯಲ್ಲಿ ಆಮ್ಲಜನಕ ಕೊಟ್ಟರು. ಸಿಲಿಂಡರಿನ ತಿರುಪು, ಮೀಟರಿನ ಗುಂಡು, ನೀರಿನ ಬಾಟಲಿ ಎಲ್ಲ ಮನೆಮಾತಾದವು. ವೈದ್ಯರು ಫೋನಿನಲ್ಲಿ ಹೇಳಿದರು, ಮನೆಯವರು ಮಾಡಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಥರ್ಮಾಮೀಟರಿನಷ್ಟೇ ಸಾಮಾನ್ಯವಾಯಿತು. 94ಕ್ಕಿಂತ ಕೆಳಗೆ ಬಂದರೆ ಓಡಬೇಕು, ಮೇಲಿದ್ದರೆ ಹೆದರಬೇಡ ಎಂಬುದು ಅಜ್ಜಿಯರಿಗೂ ಬಾಯಿಪಾಠವಾಯಿತು.

ಆದರೆ ಡೈವಿಂಗ್ ಮಾಡಿ ಬಂದವನ ವಿಷಯದಲ್ಲಿ ಆ ಬಾಯಿಪಾಠವೇ ಮೋಸ ಮಾಡುತ್ತದೆ. ಗುಳ್ಳೆಯ ಕಾಯಿಲೆಯಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇರಬಹುದು, ಬೆರಳಿನ ಅಂಕಿ 98 ತೋರಿಸಬಹುದು. ಇಲ್ಲಿ ಆಮ್ಲಜನಕ ಕೊಡುವುದು ರಕ್ತದಲ್ಲಿ ಅದು ಕಡಿಮೆಯಾಗಿದೆ ಎಂದಲ್ಲ, ಸಾರಜನಕವನ್ನು ಹೊರಗೆ ತಳ್ಳಲು. ಅಂಕಿ ಸರಿಯಿದೆ ಎಂದು ಮಾಸ್ಕ್ ತೆಗೆದರೆ ಚಿಕಿತ್ಸೆ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ಶಿರಾಡಿ ಘಾಟಿಗೆ ಬರಬಹುದು. ಹಾಸನ ಸೀಮೆಗೆ ಸಮುದ್ರವಿಲ್ಲ, ಎತ್ತರವಿದೆ. ಬೇಲೂರು, ಹಾಸನ, ಸಕಲೇಶಪುರ ಎಲ್ಲ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಅರಸೀಕೆರೆ ಸುಮಾರು 800 ಮೀಟರು. ಅಲ್ಲಿ ಗಾಳಿಯ ಒತ್ತಡ ಮುರುಡೇಶ್ವರಕ್ಕಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಮೈಯಲ್ಲಿ ಇನ್ನೂ ಸಾರಜನಕ ಉಳಿದಿರುವವನು ಘಾಟಿ ಹತ್ತುವುದೆಂದರೆ, ನೀರಿನಿಂದ ಮೇಲೆದ್ದವನು ಇನ್ನೂ ಸ್ವಲ್ಪ ಮೇಲೇಳುವುದು. ಡೈವಿಂಗ್ ನಂತರ ವಿಮಾನ ಹತ್ತಬಾರದು ಎಂಬ ಮಾತನ್ನು ಕೇಳಿದವರಿದ್ದಾರೆ. 2002ರಲ್ಲಿ ತಜ್ಞರು ಕೂತು ಮಾಡಿದ ಆ ಸೂಚನೆ ಸುಮಾರು 600 ಮೀಟರಿನಿಂದಲೇ ಲೆಕ್ಕಕ್ಕೆ ಬರುತ್ತದೆ: ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕು. ಬೇಲೂರಿನ ಹುಡುಗನಿಗೆ ವಿಮಾನ ಬೇಕಿಲ್ಲ, ಹಾಸನದ ಮೇಲೆ ಹಾದುಹೋಗುವ ಮುರುಡೇಶ್ವರ–ಬೆಂಗಳೂರು ರೈಲು ಸಾಕು. ಮೊದಲ ಸಲ ಮಾರ್ಗದರ್ಶಕರ ಕೈಹಿಡಿದು ಸ್ವಲ್ಪ ಆಳ ನೋಡಿ ಬಂದವರಿಗೆ ಈ ಕಾಯಿಲೆ ಅಪರೂಪ, ಹೆದರಿ ಪ್ರವಾಸ ಬಿಡಬೇಕಾಗಿಲ್ಲ. ರುಚಿ ಹತ್ತಿ, ಕಲಿತು, ದಿನಕ್ಕೆ ಎರಡು ಮೂರು ಸಲ ಆಳಕ್ಕೆ ಇಳಿಯುವವರು ಆ ರಾತ್ರಿ ಕರಾವಳಿಯಲ್ಲೇ ಮಲಗುವುದು ಒಳ್ಳೆಯದು. ಮುರುಡೇಶ್ವರದಲ್ಲಿ ಮರುದಿನ ಬೆಳಿಗ್ಗೆ ನೋಡಲು ಸಾಕಷ್ಟಿದೆ.

ಆದರೂ ಹೊರಟವರಿರುತ್ತಾರೆ. ಅವರ ಕಾರಿನಲ್ಲಿ ಮಾರ್ಗದರ್ಶಕನಿಲ್ಲ, ದೋಣಿಯ ಸಿಲಿಂಡರಿಲ್ಲ, ತರಬೇತಿ ಪಡೆದವರು ಯಾರೂ ಇಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಮೊಣಕೈ ತಿಕ್ಕಿಕೊಳ್ಳುತ್ತಾನೆ, ಬೆರಳು ಜೋಮು ಅನ್ನುತ್ತಾನೆ, ತಲೆ ಸುತ್ತುತ್ತದೆ ಅನ್ನುತ್ತಾನೆ. ಘಾಟಿಯ ಬುಡದಲ್ಲೇ ಇದ್ದರೆ ಮೇಲೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ ಮಂಗಳೂರಿನ ಕಡೆ ತಿರುಗಬೇಕು, ಅಲ್ಲಿ ಎತ್ತರವೂ ಇಲ್ಲ, ದೊಡ್ಡ ಆಸ್ಪತ್ರೆಗಳೂ ಇವೆ. ಹತ್ತಿಯಾಗಿದ್ದರೆ 108ಕ್ಕೆ ಕರೆ ಮಾಡಬೇಕು, ಆ ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುತ್ತದೆ. ಇಲ್ಲವೇ ಹತ್ತಿರದ ತಾಲೂಕು ಆಸ್ಪತ್ರೆ. ಕೋವಿಡ್ ನಂತರ ಹಲವು ತಾಲೂಕು ಆಸ್ಪತ್ರೆಗಳಿಗೆ ಆಮ್ಲಜನಕದ ಘಟಕಗಳೇ ಬಂದಿವೆ.

ಅಲ್ಲಿ ರಾತ್ರಿ ಪಾಳಿಯ ವೈದ್ಯರು ಹಾವು ಕಡಿದವರನ್ನು, ಬೈಕಿನಿಂದ ಬಿದ್ದವರನ್ನು ನೋಡುತ್ತಿರುತ್ತಾರೆ. ಮಲೆನಾಡಿನ ಅಂಚಿನ ಆ ಊರಿನಲ್ಲಿ ಡೈವರ್‌ನ ಕಾಯಿಲೆ ಅವರ ತಲೆಗೆ ಹೊಳೆಯದಿದ್ದರೆ ಅವರ ತಪ್ಪಲ್ಲ. ಬೆರಳಿಗೆ ಆಕ್ಸಿಮೀಟರು ಹಾಕುತ್ತಾರೆ, 98 ನೋಡುತ್ತಾರೆ, ಭುಜ ಉಳುಕಿದೆ ಎಂದು ನೋವಿನ ಮಾತ್ರೆ ಬರೆಯಲು ಹೊರಡುತ್ತಾರೆ. ಆಗ ಜೊತೆಗೆ ಬಂದ ಗೆಳೆಯ ಹೇಳಬೇಕು: “ಸರ್, ಇವನು ಇವತ್ತು ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದ್ದಾನೆ. ಎರಡು ಸಲ ಇಳಿದಿದ್ದಾನೆ. ಹನ್ನೆರಡು ಗಂಟೆಗೆ ಮೇಲೆ ಬಂದ, ಐದು ಗಂಟೆಯಿಂದ ಬೆರಳು ಜೋಮು. ಆಕ್ಸಿಜನ್ ಹಾಕಿ ಸರ್, ಅಂಕಿ ಎಷ್ಟೇ ಇರಲಿ. ಒತ್ತಡದ ಕೋಣೆ ಎಲ್ಲಿದೆಯೋ ಅಲ್ಲಿಗೆ ಫೋನ್ ಮಾಡಬೇಕು.”